ಟಿಶ್ಯೂ, ಟವೆಲ್, ಪತ್ರಿಕೆ: ಯಾವ ಕಾಗದ ಎಷ್ಟು ನೀರು ಹೀರುತ್ತದೆ, ಯಾಕೆ?

ಫೆಬ್ರವರಿ ಬಂತೆಂದರೆ ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನದ ಗಡಿಬಿಡಿ. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕಂಡುಕೊಂಡ ಬೆಳಕಿನ ಪರಿಣಾಮದ ನೆನಪಿಗೆ ಅದೇ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತೇವೆ. ಅದರ ಹಿಂದಿನ ವಾರ ಅಪ್ಪ ಅಮ್ಮಂದಿರ ಫೋನಿಗೆ ಶಾಲೆಯಿಂದ ಒಂದು ಸಂದೇಶ ಬರುತ್ತದೆ: ಮನೆಯಲ್ಲಿರುವ ನಾಲ್ಕೈದು ಬಗೆಯ ಕಾಗದ ಕಳಿಸಿ, ಯಾವುದು ಹೆಚ್ಚು ನೀರು ಹೀರುತ್ತದೆ ಎಂದು ಮಕ್ಕಳು ನೋಡಲಿದ್ದಾರೆ.

ಕೇಳಲು ಸುಲಭ. ಒಂದು ಲೋಟ ನೀರು, ಒಂದಿಷ್ಟು ಕಾಗದ, ಒಂದು ಚಾರ್ಟು. ಅಡುಗೆಮನೆಯ ಕಾಗದದ ಟವೆಲ್ ಗೆದ್ದಿತೆಂದು ಬರೆದು ಕೆಳಗೆ ಚಿತ್ರ ಬಿಡಿಸಿದರೆ ಮುಗಿಯಿತು ಎನಿಸುತ್ತದೆ. ಆದರೆ ಪ್ರದರ್ಶನದಲ್ಲಿ ಯಾರಾದರೂ ನಿಂತು "ಯಾಕೆ ಗೆದ್ದಿತು? ಎಷ್ಟರಲ್ಲಿ ಗೆದ್ದಿತು?" ಎಂದು ಕೇಳಿದರೆ ಮಗು ಅಮ್ಮನ ಮುಖ ನೋಡುತ್ತದೆ, ಅಮ್ಮ ಚಾರ್ಟಿನ ಕಡೆ ನೋಡುತ್ತಾರೆ. ಆ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

"ಹೆಚ್ಚು ಹೀರುತ್ತದೆ" ಅಂದರೆ ಏನು?

ಈ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಕಾಗದ ಒಟ್ಟು ಎಷ್ಟು ನೀರು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಮೊದಲನೆಯದು. ಎಷ್ಟು ಬೇಗ ಹೀರುತ್ತದೆ ಎಂಬುದು ಎರಡನೆಯದು. ಒದ್ದೆಯಾದ ಮೇಲೆ ಹರಿಯದೆ ನಿಲ್ಲುತ್ತದೆಯೇ ಎಂಬುದು ಮೂರನೆಯದು. ಒಂದರಲ್ಲಿ ಮುಂದಿರುವ ಕಾಗದ ಇನ್ನೊಂದರಲ್ಲಿ ಹಿಂದೆ ಬೀಳಬಹುದು. ಟಾಯ್ಲೆಟ್ ರೋಲಿನ ಹಾಳೆ ನೀರು ಸೋಕಿದ ಕೂಡಲೇ ಹೀರುತ್ತದೆ, ಆದರೆ ಅದರಿಂದ ಮೇಜು ಒರೆಸಲು ಹೋದರೆ ಕೈಗೆ ಬರುವುದು ಮುದ್ದೆ.

ಕಾಗದ ಕಾರ್ಖಾನೆಗಳ ಪ್ರಯೋಗಾಲಯಗಳಲ್ಲೂ ಇವನ್ನು ಬೇರೆ ಬೇರೆಯಾಗಿಯೇ ಅಳೆಯುತ್ತಾರೆ. ಪಟ್ಟಿಯೊಂದನ್ನು ನೇರವಾಗಿ ನೀರಿಗೆ ಇಳಿಬಿಟ್ಟು ಹತ್ತು ನಿಮಿಷದಲ್ಲಿ ನೀರು ಎಷ್ಟು ಮೇಲೇರಿತೆಂದು ನೋಡುವುದಕ್ಕೆ ಕ್ಲೆಮ್ ವಿಧಾನ ಎನ್ನುತ್ತಾರೆ. ಟಿಶ್ಯೂವನ್ನು ಪುಟ್ಟ ತಂತಿಬುಟ್ಟಿಯಲ್ಲಿ ಹಾಕಿ ನೀರಿಗೆ ಬಿಟ್ಟು, ಮುಳುಗಲು ಹಿಡಿದ ಸಮಯವನ್ನೂ ಎತ್ತಿ ಸೋರಿಸಿದ ಮೇಲಿನ ತೂಕವನ್ನೂ ಬರೆದುಕೊಳ್ಳುವುದು ಇನ್ನೊಂದು ವಿಧಾನ. ಬರೆಯುವ ಕಾಗದ ಮತ್ತು ರಟ್ಟಿಗೆ ಕಾಬ್ ಪರೀಕ್ಷೆ ಇದೆ. ಅಲ್ಲಿ ಕಡಿಮೆ ಹೀರಿದ ಕಾಗದವೇ ಒಳ್ಳೆಯದು! ಶಾಲೆಯ ಪ್ರಯೋಗ ಇವುಗಳ ತಮ್ಮ ಅಷ್ಟೆ.

ಕಾಗದದ ಒಳಗೆ ಇರುವುದು

ಕಾಗದದ ಮೂಲವಸ್ತು ಸೆಲ್ಯುಲೋಸ್. ಗಿಡಮರಗಳ ಜೀವಕೋಶದ ಗೋಡೆ ಕಟ್ಟುವುದೂ ಇದೇ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಇದನ್ನು ಬೇರ್ಪಡಿಸಿ ಗುರುತಿಸಿದ. ಸೆಲ್ಯುಲೋಸ್ ಅಣು ಒಂದು ಉದ್ದ ಸರಪಳಿ. ಅದರ ಉದ್ದಕ್ಕೂ ಆಮ್ಲಜನಕ ಮತ್ತು ಜಲಜನಕದ ಜೋಡಿಗಳು ಹೊರಚಾಚಿಕೊಂಡಿರುತ್ತವೆ. ನೀರಿನ ಅಣುವಿನಲ್ಲಿರುವುದೂ ಇವೇ ಎರಡು ಧಾತುಗಳು. ಹಾಗಾಗಿ ಎರಡಕ್ಕೂ ಪರಸ್ಪರ ಸೆಳೆತ ಜಾಸ್ತಿ, ನೀರು ಸೆಲ್ಯುಲೋಸಿಗೆ ತಟ್ಟನೆ ಅಂಟಿಕೊಳ್ಳುತ್ತದೆ. ಹತ್ತಿಯೂ ಬಹುಪಾಲು ಸೆಲ್ಯುಲೋಸೇ. ಹಳೆಯ ಪಂಚೆಯ ತುಂಡು ಒರೆಸಲು ಅಷ್ಟು ಚೆನ್ನಾಗಿ ಒದಗುವುದು ಇದರಿಂದಲೇ.

ಈ ಸೆಲ್ಯುಲೋಸ್ ಕಾಗದದಲ್ಲಿ ನಾರಿನ ರೂಪದಲ್ಲಿರುತ್ತದೆ. ಪೈನ್‌ನಂಥ ಮೆದುಮರದ ನಾರು ಸುಮಾರು 3 ಮಿ.ಮೀ. ಉದ್ದ, ನೀಲಗಿರಿಯಂಥ ಗಟ್ಟಿಮರದ್ದು ಸುಮಾರು 1 ಮಿ.ಮೀ. ಮರುಬಳಕೆಯಾದಷ್ಟೂ ನಾರು ತುಂಡಾಗುತ್ತ ಗಿಡ್ಡವಾಗುತ್ತದೆ. ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆಯಾಗಲಿ, ದಾಂಡೇಲಿಯ ಕಾರ್ಖಾನೆಯಾಗಲಿ ಮಾಡುತ್ತಿದ್ದ ಮೂಲ ಕೆಲಸ ಒಂದೇ: ಮರ ಅಥವಾ ಬಿದಿರಿನಿಂದ ಈ ನಾರನ್ನು ಬಿಡಿಸಿ, ನೀರಿನಲ್ಲಿ ಕದಡಿ, ಜಾಲರಿಯ ಮೇಲೆ ತೆಳ್ಳಗೆ ಹರಡಿ, ಒತ್ತಿ ಒಣಗಿಸುವುದು.

ಕಾಗದವನ್ನು ಒಂದು ಹುಲ್ಲಿನ ಬಣವೆ ಎಂದುಕೊಳ್ಳಿ. ಮಳೆ ಬಂದಾಗ ಒಂದೊಂದು ಎಸಳೂ ಸ್ವಲ್ಪ ನೀರು ಕುಡಿಯುತ್ತದೆ, ನಿಜ. ಆದರೆ ಬಣವೆ ತೊಯ್ದು ತೊಪ್ಪೆಯಾಗುವುದು ಎಸಳುಗಳ ನಡುವಿನ ಸಂದುಗಳಲ್ಲಿ ನೀರು ನಿಲ್ಲುವುದರಿಂದ. ಸಡಿಲವಾಗಿ ಒಟ್ಟಿದ ಹುಲ್ಲಿನಲ್ಲಿ ಸಂದು ಹೆಚ್ಚು, ಯಂತ್ರದಲ್ಲಿ ಬಿಗಿದ ಪಿಂಡಿಯಲ್ಲಿ ಕಡಿಮೆ. ಟಿಶ್ಯೂ ಸಡಿಲ ಹುಲ್ಲು, ನೋಟ್‌ಬುಕ್ ಹಾಳೆ ಬಿಗಿದ ಪಿಂಡಿ. ನೀರನ್ನು ಹೀರುವುದು ಕಾಗದದೊಳಗಿನ ಕಾಗದವಲ್ಲ, ಕಾಗದದೊಳಗಿನ ಖಾಲಿ ಜಾಗ ಎಂದರೂ ತಪ್ಪಿಲ್ಲ. ಈ ಪ್ರಯೋಗದ ಜೀವಾಳ ಇಲ್ಲಿದೆ.

ನೀರು ಕೆಳಗಿನಿಂದ ಮೇಲಕ್ಕೆ ಹತ್ತುವುದು ಹೇಗೆ?

ನೀರಿನ ಅಣುಗಳು ಒಂದನ್ನೊಂದು ಎಳೆದುಕೊಂಡಿರುತ್ತವೆ. ಮೇಲ್ಮೈ ಎಳೆತ ಅನ್ನುವುದು ಇದನ್ನೇ. ನಲ್ಲಿಯ ತುದಿಯಲ್ಲಿ ಹನಿ ಗುಂಡಗೆ ತೂಗಾಡುವುದು ಅದರ ಕೈವಾಡ. ನೀರು ಪಕ್ಕದ ಗೋಡೆಗೂ ಅಂಟುವಂತಿದ್ದರೆ ಅಂಚು ಗೋಡೆ ಹಿಡಿದು ಒಂಚೂರು ಮೇಲೇರುತ್ತದೆ, ಏರಿದ ಅಂಚು ನಡುವಿನ ನೀರನ್ನೂ ಎಳೆದುಕೊಳ್ಳುತ್ತದೆ. ಕಿರಿದಾದ ದಾರಿಯಲ್ಲಿ ಹೀಗೆ ನೀರು ತಾನಾಗಿ ಹತ್ತುವುದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ದೇವರ ಮುಂದಿನ ದೀಪದಲ್ಲಿ ಎಣ್ಣೆ ಬತ್ತಿಯ ತುದಿಗೆ ಬರುವುದೂ ಹೀಗೆಯೇ.

ದಾರಿ ಕಿರಿದಾದಷ್ಟೂ ಏರುವ ಎತ್ತರ ಹೆಚ್ಚು. ಇಂಗ್ಲೆಂಡಿನ ಜೇಮ್ಸ್ ಜ್ಯೂರಿನ್ 18ನೇ ಶತಮಾನದ ಆರಂಭದಲ್ಲಿ ಈ ನಿಯಮ ಹೇಳಿದ. 2 ಮಿ.ಮೀ. ಒಳಅಗಲದ ಗಾಜಿನ ಕೊಳವೆಯಲ್ಲಿ ನೀರು ಹೆಚ್ಚುಕಡಿಮೆ 1.5 ಸೆಂ.ಮೀ. ಏರಿದರೆ, 0.2 ಮಿ.ಮೀ. ಕೊಳವೆಯಲ್ಲಿ 15 ಸೆಂ.ಮೀ. ಏರುತ್ತದೆ. ಕಾಗದದ ಸಂದುಗಳು ಅದಕ್ಕಿಂತಲೂ ಸಣ್ಣವು.

ಹಾಗಿದ್ದರೆ ಸಂದು ಕಿರಿದಾದಷ್ಟೂ ಒಳ್ಳೆಯದೇ? ಇಲ್ಲ, ಇಲ್ಲೊಂದು ಕೊಕ್ಕೆ ಇದೆ. ಕಿರಿದಾದ ದಾರಿ ನೀರನ್ನು ಎತ್ತರಕ್ಕೆ ಎಳೆಯುತ್ತದೆ, ಆದರೆ ಆ ದಾರಿಯಲ್ಲಿ ತಿಕ್ಕಾಟ ಹೆಚ್ಚಾಗಿ ನೀರು ನಿಧಾನವಾಗುತ್ತದೆ. ಜತೆಗೆ ಕಿರಿದಾದ ಸಂದಿನಲ್ಲಿ ಹಿಡಿಯುವ ನೀರೂ ಕಡಿಮೆ. ಒಳ್ಳೆಯ ಟವೆಲ್ ಮಾಡುವವರು ಎರಡನ್ನೂ ತೂಗಿಸಬೇಕಾಗುತ್ತದೆ: ಎಳೆಯುವಷ್ಟು ಕಿರಿದು, ತುಂಬಿಕೊಳ್ಳುವಷ್ಟು ಅಗಲ.

ವೇಗಕ್ಕೂ ಒಂದು ನಿಯಮವಿದೆ. 1918ರಲ್ಲಿ ರಿಚರ್ಡ್ ಲ್ಯೂಕಸ್, 1921ರಲ್ಲಿ ಎಡ್ವರ್ಡ್ ವಾಶ್‌ಬರ್ನ್ ಬೇರೆ ಬೇರೆಯಾಗಿ ತೋರಿಸಿದಂತೆ, ನೀರು ಸಾಗುವ ದೂರ ಸಮಯದ ವರ್ಗಮೂಲದಂತೆ ಬೆಳೆಯುತ್ತದೆ. ಸರಳವಾಗಿ ಹೇಳುವುದಾದರೆ ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಸಮಯ. ಮೊದಲ 2 ಸೆಂ.ಮೀ. ಏರಲು 10 ಸೆಕೆಂಡ್ ಹಿಡಿದರೆ 4 ಸೆಂ.ಮೀ. ತಲುಪಲು 40, 6 ಸೆಂ.ಮೀ. ತಲುಪಲು 90 ಸೆಕೆಂಡ್. ಪಟ್ಟಿಯಲ್ಲಿ ನೀರು ಸರ್ರನೆ ಹತ್ತಿ ಆಮೇಲೆ ಸೋಮಾರಿಯಂತೆ ನಿಲ್ಲುವುದನ್ನು ನೋಡಿ ಮಕ್ಕಳು ಕಾಗದ ತುಂಬಿಹೋಯಿತು ಅಂದುಕೊಳ್ಳುತ್ತಾರೆ. ತುಂಬಿರುವುದಿಲ್ಲ, ನಿಧಾನವಾಗಿರುತ್ತದೆ. ಎಂಟನೇ ತರಗತಿಯ ಮೇಲಿನವರು ಪ್ರತಿ ಸೆಂಟಿಮೀಟರಿನ ಸಮಯ ಬರೆದು ನಕ್ಷೆ ಎಳೆದರೆ ಈ ನಿಯಮ ಅವರ ಕಣ್ಣೆದುರೇ ಮೂಡುತ್ತದೆ. ನನ್ನ ಪ್ರಕಾರ ಯಾರು ಗೆದ್ದರು ಎಂಬ ಚಾರ್ಟಿಗಿಂತ ಇದು ಎಷ್ಟೋ ಸೊಗಸಾದ ಪ್ರಾಜೆಕ್ಟ್.

ನಾರು ಒಂದೇ, ಕಾಗದ ಬೇರೆ

ನೋಟ್‌ಬುಕ್ ಹಾಳೆಯ ಮೇಲೆ ಒಂದು ಹನಿ ನೀರು ಬಿಡಿ. ಅದು ಗುಂಡಗೆ ಕೂತೇ ಇರುತ್ತದೆ. ಬರೆಯುವ ಕಾಗದಕ್ಕೆ ತಯಾರಿಕೆಯಲ್ಲೇ ನೀರು ತಡೆಯುವ ಅಂಟು ಬೆರೆಸಿರುತ್ತಾರೆ. ರಾಳ ಮತ್ತು ಪಟಿಕದ ಮಿಶ್ರಣ ಇದಕ್ಕೆ ಬಳಸುತ್ತಿದ್ದ ಹಳೆಯ ಪದಾರ್ಥ. ಇದಿಲ್ಲದಿದ್ದರೆ ಪೆನ್ನಿನ ಮಸಿ ಅಕ್ಷರದಿಂದ ಆಚೆ ಹರಡಿಬಿಡುತ್ತದೆ. ಮಸಿ ಪೆನ್ನಿನ ಕಾಲದ ಬ್ಲಾಟಿಂಗ್ ಪೇಪರ್ ಇದಕ್ಕೆ ತದ್ವಿರುದ್ಧ: ಅಂಟಿಲ್ಲ, ಒತ್ತಡವಿಲ್ಲ, ಬರೀ ಸಂದು.

ಪತ್ರಿಕೆಯ ಕಾಗದದಲ್ಲಿ ಈ ತಡೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಚದರ ಮೀಟರಿಗೆ ಸುಮಾರು 45 ಗ್ರಾಂ ತೂಗುವ ಅಗ್ಗದ ಕಾಗದವದು. ಮರವನ್ನು ಅರೆದು ಮಾಡಿದ ತಿರುಳಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಉಳಿದಿರುತ್ತದೆ. ಬಿಸಿಲಿಗೆ ಹಳದಿಯಾಗುವುದು ಅದೇ, ಮತ್ತು ಅದಕ್ಕೆ ಸೆಲ್ಯುಲೋಸಿನಷ್ಟು ನೀರಿನ ಆಸೆ ಇಲ್ಲ. ಆದ್ದರಿಂದ ಪತ್ರಿಕೆ ಹೀರುತ್ತದೆ, ಆದರೆ ಆತುರವಿಲ್ಲದೆ.

ಟಿಶ್ಯೂ ಜಾತಿಯ ಗುಟ್ಟು ಬೇರೆ. ಒದ್ದೆ ಹಾಳೆಯನ್ನು ಆವಿಯಿಂದ ಕಾಯಿಸಿದ ದೊಡ್ಡ ಉರುಳೆಗೆ ಅಂಟಿಸಿ ಒಣಗಿಸಿ, ಹರಿತವಾದ ಪಟ್ಟಿಯಿಂದ ಕೆರೆದು ಎಬ್ಬಿಸುತ್ತಾರೆ. ಕೆರೆಯುವಾಗ ಹಾಳೆ ಸುಕ್ಕಾಗಿ ಸಾವಿರಾರು ಸಣ್ಣ ಮಡಿಕೆ ಬೀಳುತ್ತದೆ. ಒಂದು ಟಿಶ್ಯೂವನ್ನು ಬೆಳಕಿಗೆ ಹಿಡಿದು ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ, ಒಂದೇ ದಿಕ್ಕಿಗೆ ಸಾಲುಸಾಲು ಏಣುಗಳು ಕಾಣುತ್ತವೆ. ಆ ಏಣುಗಳಿಗೆ ಅಡ್ಡವಾಗಿ ಮೆಲ್ಲಗೆ ಎಳೆದರೆ ರಬ್ಬರಿನಂತೆ ತುಸು ಹಿಗ್ಗುತ್ತದೆ. ಮಡಿಕೆ ಅಂದರೆ ಸಂದು, ಸಂದು ಅಂದರೆ ನೀರಿಗೆ ಜಾಗ.

ಅಡುಗೆಮನೆಯ ಟವೆಲ್‌ನಲ್ಲಿ ಇಂಥ ಎರಡು ಪದರಗಳನ್ನು ಚುಕ್ಕಿಯೋ ಹೂವೋ ಒತ್ತಿ ಸೇರಿಸಿರುತ್ತಾರೆ. ಆ ಹೂವು ಅಂದಕ್ಕಷ್ಟೇ ಅಲ್ಲ. ಎರಡು ಪದರಗಳು ಅಲ್ಲಲ್ಲಿ ಮಾತ್ರ ಕೂಡಿಕೊಂಡು ನಡುವೆ ಟೊಳ್ಳು ಉಳಿಯುತ್ತದೆ. ಇದರ ಜತೆ ಒದ್ದೆಯಾದರೂ ನಾರು ಬಿಡದಂತೆ ಹಿಡಿದಿಡುವ ರಾಳ ಹಾಕಿರುತ್ತಾರೆ. ಸಾಮಾನ್ಯ ಕಾಗದದಲ್ಲಿ ನಾರಿಗೆ ನಾರು ಅಂಟಿರುವುದು ದುರ್ಬಲವಾದ ಜಲಜನಕ ಬಂಧದಿಂದ, ನೀರು ಬಂದು ಆ ಜಾಗ ಹಿಡಿದರೆ ಬಂಧ ಬಿಟ್ಟುಹೋಗುತ್ತದೆ. ಟಾಯ್ಲೆಟ್ ರೋಲಿಗೆ ಈ ರಾಳವನ್ನು ಬೇಕೆಂದೇ ಹಾಕುವುದಿಲ್ಲ, ಅದು ಕೊಳವೆಯಲ್ಲಿ ಕರಗಿಹೋಗಬೇಕು. ಟವೆಲನ್ನು ಕಮೋಡಿಗೆ ಹಾಕಬೇಡಿ ಎನ್ನುವುದರ ಕಾರಣವೂ ಇದೇ.

ಹೊಳೆಯುವ ವಾರಪತ್ರಿಕೆಯ ಹಾಳೆಗೆ ನುಣುಪಾದ ಬಿಳಿಮಣ್ಣಿನ ಲೇಪ ಇರುತ್ತದೆ. ಬಟರ್ ಪೇಪರಿನಲ್ಲಿ ಸಂದೇ ಉಳಿಯದಷ್ಟು ನಾರನ್ನು ಜಜ್ಜಿರುತ್ತಾರೆ, ಇಲ್ಲವೇ ಮೇಲೊಂದು ಲೇಪ ಕೊಟ್ಟಿರುತ್ತಾರೆ. ಎರಡರಲ್ಲೊಂದು ಪ್ರಯೋಗದಲ್ಲಿದ್ದರೆ ಒಳ್ಳೆಯದು. ಸೋಲುವವರೂ ಬೇಕಲ್ಲ.

ಪ್ರಯೋಗ ಮಾಡುವುದು ಹೀಗೆ

ನಿಯಮ ಒಂದೇ: ಕಾಗದದ ಬಗೆ ಮಾತ್ರ ಬದಲಾಗಬೇಕು, ಮಿಕ್ಕಿದ್ದೆಲ್ಲ ಹಾಗೇ ಇರಬೇಕು. ಅದೇ ನೀರು, ಅದೇ ತಟ್ಟೆ, ಅಷ್ಟೇ ಹೊತ್ತು, ಅಷ್ಟೇ ಅಗಲದ ತುಂಡು. ಎಲ್ಲ ಕಾಗದವನ್ನೂ 10 ಸೆಂ.ಮೀ. ಚೌಕವಾಗಿ ಕತ್ತರಿಸಿಕೊಳ್ಳಿ.

ಮೊದಲ ತೊಡಕು ತಕ್ಕಡಿಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಮಾನ್ಯವಾಗಿ ಒಂದು ಗ್ರಾಂಗಿಂತ ಸಣ್ಣದನ್ನು ತೋರಿಸುವುದಿಲ್ಲ. 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಇಡೀ ಎ4 ಹಾಳೆಯೇ 5 ಗ್ರಾಂ. ಟಿಶ್ಯೂ ಚೌಕ ಅರ್ಧ ಗ್ರಾಂ ಕೂಡ ತೂಗುವುದಿಲ್ಲ, ತಕ್ಕಡಿ ಸೊನ್ನೆ ತೋರಿಸುತ್ತದೆ. ಹಾಗಾಗಿ ಇಪ್ಪತ್ತು ಚೌಕಗಳನ್ನು ಒಟ್ಟಿಗೆ ತೂಗಿ ಇಪ್ಪತ್ತರಿಂದ ಭಾಗಿಸಿ. ಆಭರಣದಂಗಡಿಯ ತಕ್ಕಡಿ ಯಾರಾದರೂ ಕೊಟ್ಟರೆ ಅದೃಷ್ಟ.

ತಕ್ಕಡಿಯೇ ಇಲ್ಲದಿದ್ದರೂ ಚಿಂತೆಯಿಲ್ಲ. ಮೆಡಿಕಲ್ ಅಂಗಡಿಯಿಂದ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ತನ್ನಿ. ಸ್ಟೀಲ್ ತಟ್ಟೆಗೆ ಅದರಿಂದ 10 ಮಿ.ಲೀ. ನೀರು ಹಾಕಿ, ಮೇಲೆ ಚೌಕ ಹಾಸಿ, 30 ಸೆಕೆಂಡ್ ಬಿಟ್ಟು ಒಂದು ಮೂಲೆ ಹಿಡಿದೆತ್ತಿ. ಇನ್ನು 30 ಸೆಕೆಂಡ್ ಅದೇ ತಟ್ಟೆಯ ಮೇಲೆ ಸೋರಲಿ, ಹಿಂಡಬೇಡಿ. ತಟ್ಟೆಯಲ್ಲಿ ಉಳಿದ ನೀರನ್ನು ಸಿರಿಂಜಿನಿಂದ ಎಳೆದು ಅಳೆಯಿರಿ, 10ರಿಂದ ಕಳೆಯಿರಿ. ಒಂದು ಮಿ.ಲೀ. ನೀರು ಒಂದು ಗ್ರಾಂ ತೂಗುವುದರಿಂದ ಹೀರಿದ ತೂಕವೂ ಸಿಕ್ಕಿತು.

ಆದರೆ ತಟ್ಟೆಗೆ ಅಂಟಿದ ತೆಳುಪೊರೆಯ ನೀರು ಸಿರಿಂಜಿಗೆ ಬರುವುದಿಲ್ಲ, ಅದೂ ಕಾಗದದ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕೇ ಮೊದಲು ಕಾಗದವೇ ಇಲ್ಲದೆ ಒಮ್ಮೆ ಮಾಡಿ: 10 ಮಿ.ಲೀ. ಹಾಕಿ, ಒಂದು ನಿಮಿಷ ಬಿಟ್ಟು, ವಾಪಸ್ ಎಳೆಯಿರಿ. 9.4 ಬಂದರೆ 0.6 ತಟ್ಟೆಯ ಪಾಲು. ಪ್ರತಿ ಫಲಿತಾಂಶದಿಂದ ಅಷ್ಟನ್ನು ಕಳೆಯಬೇಕು. ಈ ಖಾಲಿ ಪರೀಕ್ಷೆಯನ್ನು ಹೆಚ್ಚಿನ ಚಾರ್ಟುಗಳು ಬಿಟ್ಟುಬಿಡುತ್ತವೆ, ಮತ್ತು ಅಲ್ಲಿ ಬಟರ್ ಪೇಪರ್ ಕೂಡ ಒಂದಿಷ್ಟು ನೀರು ಕುಡಿದಂತೆ ಕಾಣುತ್ತದೆ.

ವೇಗಕ್ಕೆ 1.5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಸ್ಕೇಲಿಗೆ ಕ್ಲಿಪ್ ಹಾಕಿ, ತುದಿ ಮಾತ್ರ ನೀರಿಗೆ ತಾಗುವಂತೆ ನಿಲ್ಲಿಸಿ. ಒದ್ದೆಯಾದರೂ ತಾಳುವ ಬಲ ನೋಡಲು ಒದ್ದೆ ಚೌಕವನ್ನು ಸ್ಟೀಲ್ ಲೋಟದ ಬಾಯಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು ನಡುವೆ ಒಂದೊಂದೇ ರೂಪಾಯಿ ನಾಣ್ಯ ಇಡುತ್ತ ಹೋಗಿ, ಹರಿಯುವಷ್ಟರಲ್ಲಿ ಎಷ್ಟಾಯಿತೆಂದು ಎಣಿಸಿ. ಹಳೆಯ ಮತ್ತು ಹೊಸ ನಾಣ್ಯಗಳ ತೂಕ ಬೇರೆ, ಬೆರೆಸಬೇಡಿ.

ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು. ಒಂದೇ ಟವೆಲ್ ಮೂರು ಸಲ 2.4, 3.1, 2.7 ಎಂದು ಕೊಟ್ಟರೆ, ಅದಕ್ಕೂ 2.9 ಕೊಟ್ಟ ಇನ್ನೊಂದು ಟವೆಲ್‌ಗೂ ವ್ಯತ್ಯಾಸವಿದೆ ಎಂದು ಹೇಳುವ ಹಾಗಿಲ್ಲ. ಗೆದ್ದವರಿಲ್ಲ ಎಂದು ಬರೆಯುವುದೂ ಫಲಿತಾಂಶವೇ.

ಯಾವುದಕ್ಕೆ ಹೋಲಿಸಬೇಕು?

ಲೆಕ್ಕ ತೋರಿಸಲಿಕ್ಕಷ್ಟೇ ಹಿಡಿದ ಅಂಕಿಗಳಿವು. 2 ಗ್ರಾಂ ತೂಗುವ ಟವೆಲ್ ಹಾಳೆ 13 ಗ್ರಾಂ ನೀರು ಹೀರಿತು, 1.2 ಗ್ರಾಂ ತೂಗುವ ನ್ಯಾಪ್‌ಕಿನ್ 8.4 ಗ್ರಾಂ ಹೀರಿತು ಅನ್ನಿ. ಹಾಳೆಗೆ ಹಾಳೆ ನೋಡಿದರೆ ಟವೆಲ್ ಮುಂದೆ. ಕಾಗದದ ಪ್ರತಿ ಗ್ರಾಂಗೆ ನೋಡಿದರೆ ಟವೆಲ್ 6.5, ನ್ಯಾಪ್‌ಕಿನ್ 7: ನ್ಯಾಪ್‌ಕಿನ್ ಮುಂದೆ. ಪ್ಯಾಕೆಟ್ಟಿನ ಬೆಲೆಯನ್ನು ಹಾಳೆಗಳ ಸಂಖ್ಯೆಯಿಂದ ಭಾಗಿಸಿ ಪ್ರತಿ ರೂಪಾಯಿಗೆ ಎಷ್ಟು ನೀರು ಎಂದು ಕೇಳಿದರೆ ಉತ್ತರ ಮತ್ತೆ ಬದಲಾಗಬಹುದು. ರದ್ದಿ ಪತ್ರಿಕೆ ಅಲ್ಲಿ ಎಲ್ಲರನ್ನೂ ಹಿಂದೆ ಹಾಕಿದರೂ ಆಶ್ಚರ್ಯವಿಲ್ಲ. ಚಾರ್ಟಿನ ತಲೆಬರಹದಲ್ಲಿ "ಪ್ರತಿ ಚೌಕಕ್ಕೆ" ಅಥವಾ "ಪ್ರತಿ ಗ್ರಾಂಗೆ" ಎಂದು ಇರಲೇಬೇಕು. ಇಲ್ಲದಿದ್ದರೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಅಂಕಿ ದಾರಿ ತಪ್ಪುವ ಕಡೆಗಳು

ದಿನಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಎಲ್ಲೆಲ್ಲಿಗೋ ಹೋಗುತ್ತದೆ. ಯಂತ್ರದಲ್ಲಿ ಹಾಳೆ ಓಡುವಾಗ ನಾರುಗಳು ಓಟದ ದಿಕ್ಕಿಗೇ ಮಲಗಿಕೊಳ್ಳುತ್ತವೆ. ನೀರೂ ಆ ದಿಕ್ಕಿಗೆ ಹೆಚ್ಚು ಸಲೀಸಾಗಿ ಸಾಗುತ್ತದೆ. ಒಂದು ಪಟ್ಟಿಯನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕತ್ತರಿಸಿದರೆ ಅದೇ ಕಾಗದ ತನ್ನನ್ನೇ ಸೋಲಿಸಬಹುದು.

ಕಾಣಲೆಂದು ನೀರಿಗೆ ಬಣ್ಣ ಹಾಕುವುದು ಇನ್ನೊಂದು ಅಭ್ಯಾಸ. ಬಣ್ಣದ ಕಣ ನಾರಿಗೆ ಅಂಟಿ ಹಿಂದೆ ಉಳಿಯುತ್ತದೆ, ನೀರು ಮುಂದೆ ಹೋಗಿರುತ್ತದೆ. ಬಣ್ಣದ ಗೆರೆ ನೋಡಿ ಅಳೆದರೆ ಕಡಿಮೆ ಬರುತ್ತದೆ. ಈ ಹಿಂದುಳಿಯುವಿಕೆಯನ್ನೇ ಹಿಡಿದು ಮಿಶ್ರಣಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿ ವಿಧಾನಕ್ಕೆ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ 1952ರಲ್ಲಿ ನೊಬೆಲ್ ಪಡೆದರು. ನಮ್ಮ ಪ್ರಯೋಗಕ್ಕೆ ಬೇಕಾದ್ದು ಇಷ್ಟೆ: ಬಣ್ಣದ ನೀರಿನ ಬದಲು ಪಟ್ಟಿಯ ಮೇಲೆ ಸೆಂಟಿಮೀಟರಿಗೊಂದು ಸ್ಕೆಚ್ ಪೆನ್ ಚುಕ್ಕೆ ಇಡಿ. ನೀರು ತಲುಪಿದ ಕ್ಷಣ ಚುಕ್ಕೆ ಕದಡುತ್ತದೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಕಾಗದ ಗಾಳಿಯಿಂದಲೇ ತೇವ ಎಳೆದುಕೊಂಡಿರುತ್ತದೆ. ಮಂಗಳೂರಿನ ಆಷಾಢದಲ್ಲಿ "ಒಣ" ಟಿಶ್ಯೂ ತೂಗಿದ್ದಕ್ಕೂ ಕಲಬುರಗಿಯ ಏಪ್ರಿಲ್‌ನಲ್ಲಿ ತೂಗಿದ್ದಕ್ಕೂ ವ್ಯತ್ಯಾಸ ಬರುತ್ತದೆ. ಕಾಗದ ಪ್ರಯೋಗಾಲಯಗಳು 23 ಡಿಗ್ರಿ ಸೆಲ್ಸಿಯಸ್, ಶೇ 50 ತೇವಾಂಶದ ಕೋಣೆಯಲ್ಲಿ ಅಳೆಯುವುದು ಇದಕ್ಕಾಗಿಯೇ. ತರಗತಿಯಲ್ಲಿ ಎಲ್ಲವನ್ನೂ ಒಂದೇ ದಿನ, ಫ್ಯಾನ್ ಆರಿಸಿ ಮಾಡಿದರೆ ಸಾಕು.

ಹೋಲಿಕೆಗೆ ಬಟ್ಟೆ ಸೇರಿಸುವುದಾದರೆ ಹೊಸದು ಬೇಡ. ಅಂಗಡಿಯಿಂದ ತಂದ ಬಟ್ಟೆಯ ಟವೆಲ್‌ಗೆ ಮೆದುವಾಗಿಸುವ ಲೇಪ ಇರುತ್ತದೆ, ನಾಲ್ಕಾರು ಸಲ ಒಗೆದ ಮೇಲೆಯೇ ಅದು ಸರಿಯಾಗಿ ಹೀರುವುದು.

ನೀರಿನ ಬದಲು ಎಣ್ಣೆಯಾದರೆ?

ನಮ್ಮ ಅಡುಗೆಮನೆಯಲ್ಲಿ ಕಾಗದಕ್ಕೆ ನೀರಿಗಿಂತ ಹೆಚ್ಚಾಗಿ ಎಣ್ಣೆಯ ಕೆಲಸ. ಬಾಣಲೆಯಿಂದ ತೆಗೆದ ಬೋಂಡಾ ಬೀಳುವುದು ಕಾಗದದ ಮೇಲೆ. ಎಣ್ಣೆಯೂ ಅದೇ ಸಂದುಗಳಲ್ಲಿ ಹತ್ತುತ್ತದೆ, ಆದರೆ ಅದರ ಮೇಲ್ಮೈ ಎಳೆತ ನೀರಿನದಕ್ಕಿಂತ ಕಡಿಮೆ, ಮಂದತನ ಹತ್ತಾರು ಪಟ್ಟು ಹೆಚ್ಚು. ತಣ್ಣಗಿನ ಎಣ್ಣೆಯಲ್ಲಿ ಪಟ್ಟಿ ನಿಲ್ಲಿಸಿದರೆ ಅರ್ಧ ಗಂಟೆಯಾದರೂ ಕಾಯಬೇಕಾದೀತು. ಬಿಸಿ ಎಣ್ಣೆ ತೆಳ್ಳಗಿರುವುದರಿಂದ ಬೇಗ ಹೋಗುತ್ತದೆ. ಬೋಂಡಾ ಬಿಸಿಯಿದ್ದಾಗಲೇ ಕಾಗದದ ಮೇಲೆ ಹಾಕಿದರೆ ಹೆಚ್ಚು ಎಣ್ಣೆ ಬಿಡುವುದು ಇದಕ್ಕೆ. ಬಿಸಿ ಎಣ್ಣೆಯ ಪರೀಕ್ಷೆ ಮಕ್ಕಳಿಗೆ ಬೇಡ, ಕೋಣೆಯ ಬಿಸಿಯ ಎಣ್ಣೆಯಲ್ಲಿ ಮಾಡಲಿ.

ಇಲ್ಲಿ ಪತ್ರಿಕೆಯೇ ಚೆನ್ನಾಗಿ ಹೀರಿತು ಎಂಬ ಫಲಿತಾಂಶ ಬಂದರೂ ಅದನ್ನು ಅಡುಗೆಮನೆಗೆ ಒಯ್ಯಬಾರದು. ಮುದ್ರಣದ ಮಸಿಯಲ್ಲಿರುವ ಸೀಸದಂಥ ಲೋಹ ಮತ್ತು ರಾಸಾಯನಿಕಗಳು ಎಣ್ಣೆಯ ಜತೆ ತಿಂಡಿಗೆ ಸೇರುತ್ತವೆ. ಪತ್ರಿಕೆಯಲ್ಲಿ ಆಹಾರ ಕಟ್ಟಬೇಡಿ, ಬಡಿಸಬೇಡಿ, ಕರಿದದ್ದರ ಎಣ್ಣೆ ತೆಗೆಯಲೂ ಬಳಸಬೇಡಿ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಹೇಳಿದೆ. ಪ್ರಯೋಗದ ಪಟ್ಟಿಗೆ ಬೇಕಾದರೆ ಪುಟದ ಅಂಚಿನ ಅಚ್ಚಾಗದ ಬಿಳಿ ಭಾಗ ಕತ್ತರಿಸಿಕೊಳ್ಳಿ. ಮಸಿಯ ಎಣ್ಣೆಯಂಶ ನೀರಿನ ಅಳತೆಯನ್ನೂ ಏರುಪೇರು ಮಾಡುತ್ತದೆ.